3,500 ರೂಪಾಯಿ, ಹನ್ನೊಂದು ತಿಂಗಳು ಮತ್ತು ಒಂದು ನಾಯಿ

ಇವತ್ತಿನ ಎಪಿಸೋಡನ್ನ ಒಂದು ಅಂಕಿಯಿಂದ ಶುರು ಮಾಡ್ತೀನಿ. 3,500 ರೂಪಾಯಿ. ನೆನಪಿಟ್ಕೊಳ್ಳಿ, ಮುಂದೆ ಬರತ್ತೆ. ಬಿ.ಕಾಂ ಓದಿದವನ ಚಟ ಇದು, ಯಾವ ಕಥೆ ಹೇಳೋಕೆ ಹೋದ್ರೂ ಮೊದಲು ಒಂದು ನಂಬರ್ ಹುಡುಕ್ತೀನಿ.

ವಿಷಯ ಏನಂದ್ರೆ, ಬೆಂಗಳೂರಲ್ಲಿ ಸಂಬಳ ಕಡಿಮೆ ಇದ್ದು, ಜೊತೆಗೆ ಒಂದು ನಾಯಿನೋ ಬೆಕ್ಕೋ ಇದ್ರೆ ಬಾಡಿಗೆ ಮನೆ ಯಾಕೆ ಸಿಗಲ್ಲ? "ಓನರ್‌ಗಳಿಗೆ ಮನಸ್ಸಿಲ್ಲ" ಅಂತ ಒಂದೇ ಮಾತಲ್ಲಿ ಮುಗಿಸಬಹುದು. ಆದ್ರೆ ನನಗೆ ಅದು ಪೂರ್ತಿ ಉತ್ತರ ಅನ್ನಿಸಲ್ಲ. ನಾನಿರೋದು ನಂದಿನಿ ಲೇಔಟ್‌ನಲ್ಲಿ. ಕಂಠೀರವ ಸ್ಟುಡಿಯೋ ಗೊತ್ತಲ್ಲ, ಅಣ್ಣಾವ್ರ ಸಮಾಧಿ, ಅಪ್ಪು ಸಮಾಧಿ ಇರೋದು, ಅದರ ಆಸುಪಾಸು. ಈ ಏರಿಯಾದ ಮನೆಗಳು ಹೀಗೆ ಯಾಕಿವೆ, ಇಲ್ಲಿ ಓನರ್ ಅನ್ನೋರು ಯಾರು, ಅವರ ಕೈಗೆ ಇಷ್ಟು ಅಧಿಕಾರ ಯಾವಾಗ ಬಂತು ಅಂತ ನೋಡ್ತಾ ಹೋದ್ರೆ ನೂರಿಪ್ಪತ್ತು ವರ್ಷ ಹಿಂದಕ್ಕೆ ಹೋಗ್ಬೇಕಾಗತ್ತೆ.

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆ ಒಳಗೆ ಗೋಡೆಗೆ ಗೋಡೆ ಅಂಟಿದ ಮನೆಗಳು, ಸಂದಿಗೊಂದಿ, ಅದೇ ಮನೆಯೊಳಗೆ ಜನ, ದನ, ದವಸ, ಇಲಿ. ಊರನ್ನ ಹರಡಬೇಕು, ಗಾಳಿ ಬೆಳಕು ಬರಬೇಕು ಅನ್ನೋ ಯೋಚನೆಗೆ ಪ್ಲೇಗ್ ಜೋರು ಕೊಡ್ತು. 1890ರ ದಶಕದಲ್ಲಿ ರೂಪಿಸಿದ್ದ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಆಮೇಲೆ ಬೇಗ ತುಂಬ್ಕೊಂಡ್ವು. ಹಳೇ ಮಲ್ಲೇಶ್ವರದಲ್ಲಿ ಓಡಾಡಿದವರು ನೋಡಿರ್ತೀರಿ, ಎರಡು ಸಾಲು ಮನೆಗಳ ಹಿಂದೆ ಒಂದು ಸಣ್ಣ ಗಲ್ಲಿ ಇರತ್ತೆ, ಕನ್ಸರ್ವೆನ್ಸಿ ಗಲ್ಲಿ ಅಂತಾರೆ. ಮುಂದೆ ಜಗುಲಿ, ಹಿಂದೆ ಹಿತ್ತಿಲು, ಹಿತ್ತಿಲ ಮೂಲೆಯಲ್ಲಿ ಹಸು ಕಟ್ಟೋ ಕೊಟ್ಟಿಗೆ. ಪ್ರಾಣಿ ಮನೆಯೊಳಗಿಂದ ಮನೆ ಹಿಂದಕ್ಕೆ ಹೋಯ್ತು, ಆದ್ರೆ ಸೈಟಿನ ಒಳಗೇ ಇತ್ತು. ನಾಯಿಗೂ ಅಷ್ಟೇ. ನಾಯಿ ಯಾರೂ ಒಳಗೆ ಬಿಟ್ಕೋತಾ ಇರಲಿಲ್ಲ, ಆದ್ರೆ ಕಾಂಪೌಂಡ್ ಇತ್ತು, ಗೇಟ್ ಹತ್ತಿರ ಮಲಗ್ತಿತ್ತು, ಮಿಕ್ಕ ಅನ್ನ ತಿಂತಿತ್ತು.

ಬಾಡಿಗೆಯವರಿಗೆ ಏನಿತ್ತು? ವಠಾರ. ಒಂದು ಉದ್ದ ಅಂಗಳ, ಎರಡೂ ಕಡೆ ಒಂದೊಂದೇ ಕೋಣೆಯ ಮನೆಗಳು, ಎಲ್ಲರಿಗೂ ಸೇರಿ ಒಂದೋ ಎರಡೋ ನಲ್ಲಿ, ಕೊನೆಗೆ ಪಾಯಿಖಾನೆ, ರಸ್ತೆ ಕಡೆ ಮನೆಯಲ್ಲಿ ಯಜಮಾನ್ರು. ವಠಾರದ ನಾಯಿ ಯಾರದ್ದೂ ಅಲ್ಲ, ಎಲ್ಲರದ್ದೂ. ಬಾಡಿಗೆದಾರ ನಾಯಿ ಸಾಕಿದ್ದಾನೋ ಇಲ್ವೋ ಅನ್ನೋ ಪ್ರಶ್ನೆ ಹುಟ್ಟೋಕೇ ಜಾಗ ಇರಲಿಲ್ಲ, ಯಾಕಂದ್ರೆ ನಾಯಿ ಯಾರ ಅಗ್ರಿಮೆಂಟಿಗೂ ಸೇರಿರಲಿಲ್ಲ. ವಠಾರವನ್ನ ಬಹಳ ಜನ ಈಗ ಮುದ್ದಾಗಿ ನೆನಪಿಸ್ಕೋತಾರೆ. ನನಗೆ ಆ ಮೋಹ ಇಲ್ಲ. ಹತ್ತು ಸಂಸಾರಕ್ಕೆ ಎರಡು ಪಾಯಿಖಾನೆ ಅನ್ನೋದು ಚಂದದ ವಿಷಯ ಅಲ್ಲ. "ಯಾವ ಜನ ನೀವು?" ಅಂತ ಕೇಳಿ ಮನೆ ಕೊಡೋ ಪದ್ಧತಿ ವಠಾರದಲ್ಲೂ ಗಟ್ಟಿಯಾಗೇ ಇತ್ತು. ಇದನ್ನ ಸ್ವಲ್ಪ ನೆನಪಲ್ಲಿ ಇಟ್ಕೊಳ್ಳಿ. ನಾಯಿ ಇದೆಯಾ ಅನ್ನೋದು ಹೊಸ ಪ್ರಶ್ನೆ, ಆದ್ರೆ ಪ್ರಶ್ನೆ ಕೇಳಿ ಆರಿಸೋ ಚಾಳಿ ಹಳೇದು.

ಈಗ ನಮ್ಮ ಕಡೆಗೆ ಬರೋಣ, ಪಶ್ಚಿಮಕ್ಕೆ.

1945ರಲ್ಲಿ ಬೆಂಗಳೂರಿಗೆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಬಂತು, ಸಿಐಟಿಬಿ ಅಂತಾರೆ. 1949ರಲ್ಲಿ ಆಗಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ ಬಂದು ಒಂದು ಕೈಗಾರಿಕಾ ಉಪನಗರಕ್ಕೆ ಚಾಲನೆ ಕೊಟ್ಟರು. ಅವರ ಹೆಸರೇ ಅದಕ್ಕೆ ಇಟ್ಟರು, ರಾಜಾಜಿನಗರ. ಫ್ಯಾಕ್ಟರಿ ಇರಬೇಕು, ಫ್ಯಾಕ್ಟರಿ ಪಕ್ಕದಲ್ಲೇ ಕೆಲಸಗಾರರ ಮನೆ ಇರಬೇಕು ಅನ್ನೋದು ಯೋಜನೆ. ಆಮೇಲೆ 1976ರಲ್ಲಿ ಸಿಐಟಿಬಿ ಜಾಗಕ್ಕೆ ಬಿಡಿಎ ಬಂತು. ಊರು ಹೀಗೇ ಪಶ್ಚಿಮಕ್ಕೆ, ವಾಯವ್ಯಕ್ಕೆ ಬೆಳೀತಾ ಹೋಯ್ತು. ಅತ್ತ ಪೀಣ್ಯ ಕೈಗಾರಿಕಾ ಪ್ರದೇಶ ಎದ್ದಿತು. ಲಗ್ಗೆರೆ, ಕುರುಬರಹಳ್ಳಿ ಹೊಲಗಳ ಮಧ್ಯೆ ಬಡಾವಣೆಗಳು ಬಂದ್ವು. ನಂದಿನಿ ಲೇಔಟ್ ಆ ಸಾಲಿನ ಒಂದು.

ಇಲ್ಲಿ ಒಂದು ನಿರ್ಧಾರ ಇದೆ, ಅದನ್ನ ಯಾರೂ ದೊಡ್ಡದಾಗಿ ಮಾತಾಡಲ್ಲ. ಸರ್ಕಾರ ಮನೆ ಕಟ್ಟಿ ಬಾಡಿಗೆಗೆ ಕೊಡೋ ದಾರಿ ಹಿಡೀಲಿಲ್ಲ. ಸೈಟ್ ಕೊಡೋ ದಾರಿ ಹಿಡೀತು. ಬೋರ್ಡಿನವರು ಕಟ್ಟಿದ ಮನೆಗಳೂ ಇದ್ವು, ಇಲ್ಲ ಅಂತಲ್ಲ, ಆದ್ರೆ ಬೆಂಗಳೂರಿನವನ ಕನಸು ಅಂದ್ರೆ ಬಿಡಿಎ ಸೈಟು. 20x30, 30x40. ಅರ್ಜಿ ಹಾಕು, ವರ್ಷಗಟ್ಟಲೆ ಕಾಯಿ, ಲಾಟರಿ ಹೊಡೆದ ಹಾಗೆ ಸೈಟ್ ಬಂದ್ರೆ ಬದುಕು ಸೆಟ್ಲ್.

ಸೈಟ್ ಸಿಕ್ಕಿದವನು ಏನು ಮಾಡ್ದ? ಫ್ಯಾಕ್ಟರಿ ಸಂಬಳದಲ್ಲಿ, ಸೊಸೈಟಿ ಲೋನಲ್ಲಿ ಕೆಳಗಿನ ಮನೆ ಕಟ್ಟಿದ. ಹತ್ತು ಹದಿನೈದು ವರ್ಷ ಬಿಟ್ಟು ಮೇಲೊಂದು ಫ್ಲೋರ್. ರಿಟೈರ್ ಆದಾಗ ಬಂದ ಪಿಎಫ್, ಗ್ರ್ಯಾಚುಟಿ ಸುರಿದು ಇನ್ನೊಂದು. ಅದರ ಮೇಲೆ ಜಾಗ ಉಳಿದಿದ್ರೆ ಸಿಮೆಂಟ್ ಶೀಟ್ ಹಾಕಿ ಒಂದು ರೂಮು. ಖಾಸಗಿ ಕಂಪನಿ ಕೆಲಸಗಾರನಿಗೆ ಪೆನ್ಷನ್ ಅಂದ್ರೆ ಅಷ್ಟಕ್ಕಷ್ಟೇ, ಹಾಗಾಗಿ ಮೇಲಿನ ಎರಡು ಬಾಡಿಗೆ ಮನೆಗಳೇ ಅವನ ಪೆನ್ಷನ್. ನಮ್ಮ ಕ್ರಾಸಿನಲ್ಲಿ ಇಂಥ ಕಟ್ಟಡಗಳನ್ನ ತೋರಿಸ್ತಾ ಹೋಗಬಹುದು, ಗೋಡೆಯ ಬಣ್ಣ, ಕಿಟಕಿ ಗ್ರಿಲ್ಲಿನ ಡಿಸೈನ್ ನೋಡಿಯೇ ಯಾವ ಫ್ಲೋರ್ ಯಾವ ಕಾಲದ್ದು ಅಂತ ಗೊತ್ತಾಗತ್ತೆ.

ಅಂದ್ರೆ ಕಡಿಮೆ ಸಂಬಳದವರಿಗೆ ಈ ಊರಲ್ಲಿ ಮನೆ ಒದಗಿಸ್ತಾ ಇರೋದು ದೊಡ್ಡ ಬಿಲ್ಡರ್ ಅಲ್ಲ, ಬಹುಮಟ್ಟಿಗೆ ಸರ್ಕಾರವೂ ಅಲ್ಲ. ರಿಟೈರ್ ಆದ ಒಬ್ಬ ಫಿಟ್ಟರು, ಒಬ್ಬ ಬಸ್ ಕಂಡಕ್ಟರು, ಅವರ ಹೆಂಡತಿ. ಅವರು ಬಾಡಿಗೆದಾರನ ಕೆಳಗೇ ವಾಸ ಮಾಡ್ತಾರೆ. ಒಂದೇ ಗೇಟು, ಒಂದೇ ಮೆಟ್ಟಿಲು, ಒಂದೇ ಸಂಪು, ಒಂದೇ ಮೋಟರು, ಒಂದೇ ಟೆರೇಸು. 20x30 ಅಂದ್ರೆ 600 ಚದರ ಅಡಿ, ಅದನ್ನ ಅಂಚಿನಿಂದ ಅಂಚಿಗೆ ಕಟ್ಟಿದ್ಮೇಲೆ ಹಿತ್ತಿಲೂ ಇಲ್ಲ, ಜಗುಲಿಯೂ ಇಲ್ಲ. ಮಲ್ಲೇಶ್ವರದಲ್ಲಿ ನಾಯಿ ಮಲಗ್ತಿದ್ದ ಜಾಗ ಇಲ್ಲಿ ನಕ್ಷೆಯಲ್ಲೇ ಇಲ್ಲ. ಈಗ ನಾಯಿ ಇರಬೇಕಂದ್ರೆ ಹಾಲಿನಲ್ಲಿ ಇರಬೇಕು, ಅದು ಹೊರಗೆ ಹೋಗ್ಬೇಕಂದ್ರೆ ಓನರ್ ಬಾಗಿಲ ಮುಂದಿನ ರಂಗೋಲಿ ದಾಟ್ಕೊಂಡೇ ಹೋಗ್ಬೇಕು.

ಅಂದಹಾಗೆ, ನಂದಿನಿ ಅಂದ್ರೆ ಪುರಾಣದಲ್ಲಿ ವಸಿಷ್ಠರ ಆಶ್ರಮದ ಹಸು. ಹಸುವಿನ ಹೆಸರಿನ ಲೇಔಟಲ್ಲಿ ಬೆಕ್ಕಿಗೆ ಮನೆ ಇಲ್ಲ ಅಂತ ನನ್ನ ಫ್ರೆಂಡ್ ಒಬ್ಬ ತಮಾಷೆ ಮಾಡ್ತಾನೆ.

ಸರಿ, ಈಗ ಕಾನೂನು. ಬೋರಾಗತ್ತೆ ಅಂತ ಸ್ಕಿಪ್ ಮಾಡ್ಬೇಡಿ, ಆ 3,500 ಇಲ್ಲೇ ಇರೋದು.

ಸ್ವಾತಂತ್ರ್ಯ ಬಂದ ಹೊಸತರಲ್ಲಿ ಊರಲ್ಲಿ ಮನೆಗೆ ಭಾರಿ ಕೊರತೆ. 1951ರಲ್ಲಿ ಮೈಸೂರು ರಾಜ್ಯ ಒಂದು ಬಾಡಿಗೆ ನಿಯಂತ್ರಣ ಕಾಯ್ದೆ ಮಾಡ್ತು. 1961ರಲ್ಲಿ ಅದರ ಜಾಗಕ್ಕೆ ಇನ್ನೊಂದು ಬಂತು. ಈ 1961ರ ಕಾಯ್ದೆಯಲ್ಲಿ ಇದ್ದ ಒಂದು ವ್ಯವಸ್ಥೆ ಈಗಿನವರಿಗೆ ನಂಬೋಕೆ ಕಷ್ಟ. ಮನೆ ಖಾಲಿಯಾದ್ರೆ ಓನರ್ ಅದನ್ನ ರೆಂಟ್ ಕಂಟ್ರೋಲರ್ ಅನ್ನೋ ಸರ್ಕಾರಿ ಅಧಿಕಾರಿಗೆ ತಿಳಿಸಬೇಕಿತ್ತು. ಆ ಮನೆ ಯಾರಿಗೆ ಅಂತ ಅಧಿಕಾರಿ ಹೇಳಬಹುದಿತ್ತು! ಬಾಡಿಗೆದಾರನನ್ನ ಬಿಡಿಸ್ಬೇಕು ಅಂದ್ರೆ ಕಾಯ್ದೆಯಲ್ಲಿ ಪಟ್ಟಿ ಮಾಡಿರೋ ಕಾರಣಗಳಲ್ಲಿ ಒಂದನ್ನ ಕೋರ್ಟಲ್ಲಿ ಸಾಬೀತು ಮಾಡ್ಬೇಕಿತ್ತು. ಬಾಡಿಗೆ ಕಟ್ಟಿಲ್ಲ, ಮನೆ ಹಾಳು ಮಾಡಿದ್ದಾನೆ, ಅಕ್ಕಪಕ್ಕದವರಿಗೆ ಉಪದ್ರವ, ಅಥವಾ ನನಗೇ ಆ ಮನೆ ಬೇಕು, ಇಂಥವು.

ಇದು ಬಾಡಿಗೆದಾರರಿಗೆ ಸ್ವರ್ಗ ಆಗಿತ್ತಾ? ಒಳಗೆ ಇದ್ದವರಿಗೆ ಹೌದು. ಚಿಕ್ಕಪೇಟೆಯಂಥ ಕಡೆ ಮೂರು ತಲೆಮಾರು ಜುಜುಬಿ ಬಾಡಿಗೆಗೆ ಕೂತವರ ಕಥೆಗಳು ಎಲ್ಲರ ಮನೆಯಲ್ಲೂ ಇವೆ. ಹೊರಗೆ ಮನೆ ಹುಡುಕ್ತಾ ಇದ್ದವರಿಗೆ ಇಲ್ಲ. ಒಂದು ಸಲ ಕೊಟ್ರೆ ವಾಪಸ್ ಬರಲ್ಲ ಅನ್ನೋ ಭಯಕ್ಕೆ ಓನರ್‌ಗಳು ಬೀಗ ಹಾಕಿ ಇಟ್ಟರು, ಅಥವಾ ಗೊತ್ತಿದ್ದವರಿಗೇ ಕೊಟ್ಟರು. ಬಾಡಿಗೆದಾರನ ಬಗ್ಗೆ ಇಂದಿಗೂ ಇರೋ ಅನುಮಾನದ ಬೇರು ಸ್ವಲ್ಪ ಅಲ್ಲಿದೆ ಅಂತ ನನ್ನ ಲೆಕ್ಕ.

ಹಾಗಾಗಿ ಹೊಸ ಕಾನೂನು ಬಂತು. ಕರ್ನಾಟಕ ಬಾಡಿಗೆ ಅಧಿನಿಯಮ, 1999. ಜಾರಿಗೆ ಬಂದಿದ್ದು 2001ರ ಡಿಸೆಂಬರ್ 31ಕ್ಕೆ. ಇದರಲ್ಲೂ ಬಾಡಿಗೆದಾರನಿಗೆ ರಕ್ಷಣೆ ಇದೆ, ಕಾರಣ ಇಲ್ಲದೆ ಬಿಡಿಸೋ ಹಾಗಿಲ್ಲ. ಆದ್ರೆ ಒಂದು ಮಿತಿ ಹಾಕಿದ್ರು. ಬೆಂಗಳೂರಿನಂಥ ದೊಡ್ಡ ಊರುಗಳಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ದಾಟಿದ್ರೆ ಈ ಕಾನೂನು ಅನ್ವಯಿಸಲ್ಲ. ಸಣ್ಣ ಊರುಗಳಲ್ಲಿ 2,000.

2001ರಲ್ಲಿ 3,500 ಅಂದ್ರೆ ನಮ್ಮ ಏರಿಯಾದಲ್ಲಿ ಒಂದು ಸಂಸಾರ ಆರಾಮಾಗಿ ಇರೋ ಮನೆ. ಅಂದ್ರೆ ಬಡವರು, ಕೆಳ ಮಧ್ಯಮ ವರ್ಗದವರು ರಕ್ಷಣೆ ಒಳಗೆ, ದುಡ್ಡಿದ್ದವರು ಹೊರಗೆ. ತರ್ಕ ಸರಿಯಾಗೇ ಇತ್ತು. ಆದ್ರೆ ಬಾಡಿಗೆ ಏರ್ತಾ ಹೋಯ್ತು, ಅಂಕಿ ಅಲ್ಲೇ ಕೂತ್ಕೊಂಡ್ತು. 2014ರ ಮಾರ್ಚಿನಲ್ಲಿ ಪೀಣ್ಯದಿಂದ ಸಂಪಿಗೆ ರಸ್ತೆಗೆ ಮೆಟ್ರೋ ಓಡೋಕೆ ಶುರುವಾಯ್ತು, ಗೊರಗುಂಟೆಪಾಳ್ಯದ ಸ್ಟೇಷನ್ ನಮಗೆ ಹತ್ತಿರ, ಅದೂ ಸೇರ್ಕೊಂಡ್ತು. ಇವತ್ತು ನಂದಿನಿ ಲೇಔಟಲ್ಲಿ 3,500ಕ್ಕೆ ಒಂಟಿ ರೂಮೂ ಸಿಗಲ್ಲ. ಹಾಗಾಗಿ ಏನಾಯ್ತು ನೋಡಿ. ಯಾರೂ ಕಾನೂನಿನ ಆ ಅಂಕಿ ಬದಲಾಯಿಸಲಿಲ್ಲ, ಯಾವ ಶಾಸಕರೂ ಬಡವರ ವಿರುದ್ಧ ಓಟು ಹಾಕಲಿಲ್ಲ, ಸುಮ್ಮನೆ ವರ್ಷ ಉರುಳಿದ್ದಕ್ಕೇ ಬಡ ಬಾಡಿಗೆದಾರರು ಒಬ್ಬೊಬ್ಬರಾಗಿ ರಕ್ಷಣೆಯಿಂದ ಹೊರಗೆ ಬಿದ್ದರು.

ಹೊರಗೆ ಬಿದ್ದವರಿಗೆ ಯಾವ ಕಾನೂನು? 1882ರದ್ದು. ಸ್ವತ್ತು ವರ್ಗಾವಣೆ ಕಾಯ್ದೆ, ಬ್ರಿಟಿಷರ ಕಾಲದ್ದು. ಅಗ್ರಿಮೆಂಟಲ್ಲಿ ಬೇರೆ ಏನೂ ಬರೀದಿದ್ರೆ ತಿಂಗಳ ಬಾಡಿಗೆಯವನಿಗೆ 15 ದಿನದ ನೋಟಿಸ್ ಸಾಕು. ಕಾರಣ ಬೇಕಿಲ್ಲ. ಬಲವಂತವಾಗಿ ಸಾಮಾನು ಹೊರಗೆ ಹಾಕೋ ಹಾಗಿಲ್ಲ, ಅದಕ್ಕೆ ಓನರ್ ಕೋರ್ಟಿಗೇ ಹೋಗ್ಬೇಕು, ಅದು ನಿಜ. ಆದ್ರೆ ಒಂದೇ ಸಂಪಿನ ನೀರು ಕುಡಿಯೋ ಕಡೆ ಕೋರ್ಟು ಯಾರಿಗೆ ಬೇಕು? ಮೋಟರ್ ಸ್ವಿಚ್ ಕೆಳಗಿನ ಮನೇಲಿದೆ.

ಹನ್ನೊಂದು ತಿಂಗಳ ಅಗ್ರಿಮೆಂಟ್ ಅಂತೀವಲ್ಲ, ಅದರ ಮೂಲವೂ ಇದೇ ಕಾಲದ ಕಾನೂನುಗಳಲ್ಲೇ ಇದೆ. 1882ರ ಕಾಯ್ದೆ, 1908ರ ನೋಂದಣಿ ಕಾಯ್ದೆ ಎರಡೂ ಒಂದು ವರ್ಷ ಮೀರಿದ ಲೀಸನ್ನ ನೋಂದಣಿ ಮಾಡಿಸ್ಲೇಬೇಕು ಅಂತಾವೆ. ನೋಂದಣಿ ಅಂದ್ರೆ ಫೀಸು, ಸಬ್ ರಿಜಿಸ್ಟ್ರಾರ್ ಆಫೀಸು, ದಾಖಲೆ. ಅದನ್ನ ತಪ್ಪಿಸೋಕೆ ಒಂದು ತಿಂಗಳು ಕಮ್ಮಿ. ಈ ದೇಶದ ಕೋಟ್ಯಂತರ ಜನರ ಬದುಕು ಹನ್ನೊಂದು ತಿಂಗಳ ತುಂಡುಗಳಾಗಿ ಇರೋದಕ್ಕೆ ಕಾರಣ ಅಷ್ಟೇ. ನಾಯಿ ಬದುಕೋದು ಹತ್ತು ಹನ್ನೆರಡು ವರ್ಷ. ಅಂದ್ರೆ ಒಂದು ನಾಯಿಯ ಆಯಸ್ಸಲ್ಲಿ ಹನ್ನೊಂದು ಹನ್ನೆರಡು ಸಲ ಓನರ್ ಒಪ್ಪಿಗೆ ಬೇಕು.

ನನ್ನ ವಿಷಯ ಸ್ವಲ್ಪ ಹೇಳ್ತೀನಿ, ಲೆಕ್ಕಕ್ಕೆ ಬೇಕು. ನಮ್ಮನೇಲಿ ಅಮ್ಮ, ನಾನು, ಕೆಂಚ. ಕೆಂಚ ಬೀದಿ ನಾಯಿ, ಮರಿಯಿದ್ದಾಗ ಬಂದವನು, ಈಗ ಐದು ವರ್ಷ. ಒಂದು ಅಕೌಂಟ್ಸ್ ಆಫೀಸಲ್ಲಿ ಅರ್ಧ ದಿನ, ಮಿಕ್ಕಿದ್ದು ಜಿಎಸ್‌ಟಿ ಫೈಲಿಂಗು, ಅದೂ ಇದೂ, ಎಲ್ಲ ಸೇರಿ ತಿಂಗಳಿಗೆ 24,000 ಬರತ್ತೆ. ಪಾಡ್‌ಕಾಸ್ಟಿಂದ ಏನೂ ಇಲ್ಲ, ಕೇಳ್ಬೇಡಿ. ಹಿಂದಿನ ಓನರ್ ಮಗನ ಮದುವೆ ಅಂತ ಮನೆ ಬಿಡೋಕೆ ಹೇಳಿದ್ರು. ಅದು ಅವರ ಹಕ್ಕು, ತಕರಾರಿಲ್ಲ. ನಾವು ಒಟ್ಟು ಹದಿನೇಳು ಮನೆ ನೋಡಿದ್ವಿ.

ಹದಿನೇಳರಲ್ಲಿ ಹೆಚ್ಚಿನವರು ಕೆಟ್ಟದಾಗಿ ಮಾತಾಡಿದ್ದೇ ಇಲ್ಲ. ಒಬ್ಬರು ಅಜ್ಜಿ ಕೆಂಚನ ತಲೆ ಸವರಿ ಬಿಸ್ಕತ್ತೂ ಕೊಟ್ಟು, "ಪಾಪ, ಎಷ್ಟು ಸಾಧು ಕಣಪ್ಪ. ಆದ್ರೆ ನಮ್ಮನೇಲಿ ಮಡಿ, ಆಗಲ್ಲ" ಅಂದ್ರು. ಇನ್ನೊಂದು ಕಡೆ ಪ್ರಶ್ನೆಗಳ ಸಾಲೇ ಬಂತು. ಊರು ಯಾವುದು, ಯಾವ ಜನ, ಅಪ್ಪ ಇಲ್ವಾ, ನಾನ್‌ವೆಜ್ ಮಾಡ್ತೀರಾ, ಎಷ್ಟು ಹೊತ್ತಿಗೆ ಬರ್ತೀಯ, ಕೊನೆಗೆ ನಾಯಿ. ಮೊದಲ ಐದು ಪ್ರಶ್ನೆಗೆ ಬೇಡ ಅನ್ನೋಕೆ ಅವರಿಗೆ ಸ್ವಲ್ಪ ಮುಜುಗರ ಆಗತ್ತೆ. ನಾಯಿಗೆ ಬೇಡ ಅನ್ನೋಕೆ ಮುಜುಗರ ಇಲ್ಲ. ಹಾಗಾಗಿ ಕೆಲವು ಕಡೆ ನಾಯಿ ಬರೀ ನೆಪ ಅಂತ ನನಗೆ ಅನ್ನಿಸಿದೆ. ಬ್ರೋಕರ್ ಒಬ್ಬ ನೇರವಾಗೇ ಹೇಳಿದ, "ನಾಯಿ ಇದ್ರೆ ಒಂದು ತಿಂಗಳ ಅಡ್ವಾನ್ಸ್ ಜಾಸ್ತಿ ಹೇಳು ಗುರು, ಒಪ್ಕೋತಾರೆ."

ಲೆಕ್ಕ ಕೇಳಿ. ಬಾಡಿಗೆ 9,500. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಹೆಸರುವಾಸಿ, ಈಗ ಐದಾರಕ್ಕೆ ಒಪ್ಪೋರೂ ಇದ್ದಾರೆ. ಆರು ತಿಂಗಳು ಅಂದ್ಕೊಳ್ಳಿ, 57,000. ಬ್ರೋಕರ್‌ಗೆ ಒಂದು ತಿಂಗಳದ್ದು, 9,500. ಟೆಂಪೋ, ಇಬ್ಬರು ಹುಡುಗರು, 3,500. ನೋಡಿ, ಇಲ್ಲೂ ಅದೇ ಅಂಕಿ. ಒಟ್ಟು 70,000, ಅಂದ್ರೆ ನನ್ನ ಹತ್ತಿರ ಹತ್ತಿರ ಮೂರು ತಿಂಗಳ ಆದಾಯ, ಒಂದೇ ವಾರದಲ್ಲಿ. ಹಳೇ ಅಡ್ವಾನ್ಸ್ ಬರೋದು ಕೀ ಕೊಟ್ಟ ಮೇಲೆ, ಅದೂ ಪೇಂಟಿಂಗ್ ಅಂತ ಒಂದು ತಿಂಗಳದ್ದು ಮುರ್ಕೊಂಡು. ಹೊಸದು ಕೊಡ್ಬೇಕಾಗಿರೋದು ಕೀ ತಗೊಳ್ಳೋ ಮುಂಚೆ. ಮಧ್ಯದ ಆ ಹತ್ತು ದಿನಕ್ಕೆ ಅಮ್ಮನ ಬಳೆ ಅಡ ಇಟ್ಟಿದ್ದಾಯ್ತು. 2021ರಲ್ಲಿ ಕೇಂದ್ರ ಸರ್ಕಾರ ಒಂದು ಮಾದರಿ ಬಾಡಿಗೆ ಕಾಯ್ದೆ ಮಾಡಿ, ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸ್ ಬೇಡ ಅಂದಿದೆ. ಮಾದರಿ ಅಷ್ಟೇ. ರಾಜ್ಯ ತಾನಾಗಿ ಒಪ್ಪಿ ಕಾನೂನು ಮಾಡಿದ್ರೆ ಮಾತ್ರ ಅದಕ್ಕೆ ಜೀವ.

ಓನರ್ ಕಡೆಯಿಂದಲೂ ನೋಡ್ಬೇಕು. ಎರಡನೇ ಫ್ಲೋರಿನ ನಾಯಿ ರಾತ್ರಿ ಬೊಗಳಿದ್ರೆ ಮೊದಲನೇ ಫ್ಲೋರಿನ ಮಗು ಏಳತ್ತೆ. ಹಪ್ಪಳ ಒಣಗಿಸೋ ಟೆರೇಸಲ್ಲಿ ನಾಯಿ ಗಲೀಜು ಮಾಡಿ ಬಾಡಿಗೆದಾರ ತೊಳೀದೇ ಹೋಗಿದ್ರೆ, ಮುಂದಿನ ಹತ್ತು ಜನ ನಾಯಿ ಸಾಕಿದವರಿಗೆ ಬಾಗಿಲು ಮುಚ್ಚಿದ ಹಾಗೆ. ರೇಬೀಸ್ ಭಯವೂ ಸುಳ್ಳಲ್ಲ, ಲಕ್ಷಣ ಶುರುವಾದ ಮೇಲೆ ಬದುಕೋದು ತೀರಾ ಅಪರೂಪ ಅನ್ನೋ ಕಾಯಿಲೆ ಅದು. 2025ರ ಆಗಸ್ಟಲ್ಲಿ ದೆಹಲಿ ಬೀದಿ ನಾಯಿಗಳ ಬಗ್ಗೆ ಸುಪ್ರೀಂ ಕೋರ್ಟ್ ಒಂದೇ ತಿಂಗಳಲ್ಲಿ ಎರಡು ಆದೇಶ ಕೊಟ್ಟಾಗ ಟಿವಿಯಲ್ಲಿ ದಿನವಿಡೀ ನಾಯಿ ಕಚ್ಚೋ ವಿಡಿಯೋಗಳೇ. ಆ ವಾರ ಮನೆ ನೋಡೋಕೆ ಹೋದವರು ಯಾರಾದ್ರೂ ಇದ್ರೆ ನನಗೆ ಹೇಳಿ, ಹೇಗಿತ್ತು ಅಂತ.

ಸರಿ, ಪ್ರಾಣಿಗಳ ಕಡೆಯ ಕಾನೂನು ಏನನ್ನತ್ತೆ? 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಇದೆ. ಹಸಿವು ಬಾಯಾರಿಕೆಯಿಂದ ಒದ್ದಾಡೋ ಸ್ಥಿತಿಯಲ್ಲಿ ಪ್ರಾಣಿಯನ್ನ ಕಾರಣವಿಲ್ಲದೆ ಬಿಟ್ಟು ಹೋಗೋದು ಅಪರಾಧ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. ಐವತ್ತು ಸಾವಿರ ಅಲ್ಲ, ಐವತ್ತು. ಮನೆ ಬದಲಾಯಿಸೋವಾಗ ನಾಯಿಯನ್ನ ಗೊರಗುಂಟೆಪಾಳ್ಯದ ಸಿಗ್ನಲ್ ಹತ್ತಿರ ಇಳಿಸಿ ಹೋಗೋರನ್ನ ನಮ್ಮ ಏರಿಯಾದ ಆಟೋದವರು ನೋಡಿದ್ದಾರೆ. ಕೊರಳಲ್ಲಿ ಬೆಲ್ಟ್ ಇರತ್ತಂತೆ, ಎರಡು ದಿನ ಅಲ್ಲೇ ನಿಂತಿರತ್ತಂತೆ.

2015ರ ಫೆಬ್ರವರಿಯಲ್ಲಿ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ಒಂದು ಮಾರ್ಗಸೂಚಿ ಹೊರಡಿಸ್ತು. ನಿವಾಸಿಗಳ ಸಂಘ, ಅಪಾರ್ಟ್‌ಮೆಂಟ್ ಸಂಘಗಳು ಸಾಕು ನಾಯಿಯನ್ನ ನಿಷೇಧಿಸೋ ಹಾಗಿಲ್ಲ, ಬಹುಮತ ಇದ್ರೂ ಇಲ್ಲ ಅಂತ. 2021ರಲ್ಲಿ ಕೇರಳ ಹೈಕೋರ್ಟ್ ಇನ್ನೂ ಗಟ್ಟಿಯಾಗಿ ಹೇಳ್ತು, ಸಂಘಗಳ ಇಂಥ ನಿಯಮಗಳು ಸಂವಿಧಾನಕ್ಕೇ ವಿರುದ್ಧ ಅಂತ. ಬೆಂಗಳೂರಲ್ಲಿ 2018ರಲ್ಲಿ ಬಿಬಿಎಂಪಿ ಫ್ಲಾಟಿಗೆ ಒಂದೇ ನಾಯಿ, ಸ್ವಂತ ಮನೆಗೆ ಮೂರು ಅಂತ ನಿಯಮ ತಂದಾಗ ಗಲಾಟೆಯಾಗಿ ಅದನ್ನ ತಡೆಹಿಡಿದ್ರು. ಕೇಂದ್ರ ಸರ್ಕಾರ 2024ರ ಮಾರ್ಚಲ್ಲಿ ಕೆಲವು ತಳಿಗಳನ್ನ ನಿಷೇಧಿಸೋಕೆ ಹೊರಡಿಸಿದ್ದ ಸುತ್ತೋಲೆಯನ್ನ ಮುಂದಿನ ತಿಂಗಳೇ ನಮ್ಮ ಹೈಕೋರ್ಟ್ ರದ್ದು ಮಾಡ್ತು.

ಇದನ್ನೆಲ್ಲ ಓದಿ ನನಗೆ ಮೊದಲು ಖುಷಿಯಾಯ್ತು. ಆಮೇಲೆ ಗಮನಿಸಿದೆ. ಇವೆಲ್ಲ ಯಾರ ಜೊತೆ ಮಾತಾಡ್ತಾ ಇವೆ? ಅಪಾರ್ಟ್‌ಮೆಂಟ್ ಸಂಘದ ಜೊತೆ, ಪಾಲಿಕೆ ಜೊತೆ, ಸರ್ಕಾರದ ಜೊತೆ. ಗೆದ್ದವರು ಫ್ಲಾಟ್ ಇರೋರು. 20x30 ಕಟ್ಟಡದಲ್ಲಿ ಸಂಘ ಇಲ್ಲ, ಬೈಲಾ ಇಲ್ಲ, ಲಿಫ್ಟೂ ಇಲ್ಲ. ಇರೋದು ಒಬ್ಬ ಮನುಷ್ಯ, ಅವನ ಸ್ವಂತ ಮನೆ, ಅವನ ಇಷ್ಟ. "ನಾಯಿಗೆ ಮನೆ ಕೊಡಲ್ಲ" ಅಂದ್ರೆ ಅವನು ಯಾವ ಕಾನೂನನ್ನೂ ಮುರೀತಾ ಇಲ್ಲ. ಬಾಡಿಗೆ ಕಾಯ್ದೆ ಬಡವನನ್ನ 3,500ರ ಗೆರೆಯಲ್ಲಿ ಕೈಬಿಟ್ಟಿತು, ಪ್ರಾಣಿ ಕಾಯ್ದೆ ಅಪಾರ್ಟ್‌ಮೆಂಟ್ ಗೇಟಲ್ಲೇ ನಿಂತ್ಕೊಂಡ್ತು. ಎರಡರ ಮಧ್ಯೆ ಇರೋ ಜಾಗದಲ್ಲಿ ನಾವಿದ್ದೀವಿ.

ಬೇರೆ ಊರುಗಳು ಈ ಜಾಗಕ್ಕೇ ಕೈ ಹಾಕಿವೆ. ಫ್ರಾನ್ಸ್‌ನಲ್ಲಿ 1970ರ ಜುಲೈ 9ರ ಒಂದು ಕಾನೂನು ಇದೆ. ವಾಸದ ಮನೆಯ ಕರಾರಿನಲ್ಲಿ ಸಾಕುಪ್ರಾಣಿ ಇಡಬಾರದು ಅಂತ ಬರೆದ್ರೆ ಆ ಸಾಲಿಗೆ ಬೆಲೆಯೇ ಇಲ್ಲ. ಪ್ರಾಣಿ ಹಾನಿ ಮಾಡಬಾರದು, ಅಕ್ಕಪಕ್ಕದವರ ನೆಮ್ಮದಿ ಕೆಡಿಸಬಾರದು, ಅಷ್ಟು ಷರತ್ತು. ನ್ಯೂಯಾರ್ಕ್ ನಗರದ 1983ರ ಕಾನೂನು ಇನ್ನೂ ಮಜವಾಗಿದೆ. ಹಲವು ಮನೆಗಳಿರೋ ಕಟ್ಟಡದಲ್ಲಿ ಬಾಡಿಗೆದಾರ ಮುಚ್ಚುಮರೆ ಇಲ್ಲದೆ ಮೂರು ತಿಂಗಳು ಪ್ರಾಣಿ ಸಾಕಿದ್ದು, ಓನರ್‌ಗೆ ಅದು ಗೊತ್ತಿದ್ದೂ ಅವನು ಕೋರ್ಟಿಗೆ ಹೋಗದೇ ಇದ್ರೆ, ಆಮೇಲೆ ಆ ನೆಪದಲ್ಲಿ ಬಿಡಿಸೋ ಹಾಗಿಲ್ಲ. ಇಂಗ್ಲೆಂಡ್ 2025ರಲ್ಲಿ ಒಪ್ಪಿಗೆ ಪಡೆದ ಬಾಡಿಗೆದಾರರ ಹಕ್ಕಿನ ಕಾಯ್ದೆಯಲ್ಲಿ, ಬಾಡಿಗೆದಾರ ಪ್ರಾಣಿ ಸಾಕೋಕೆ ಅನುಮತಿ ಕೇಳಿದ್ರೆ ಸರಿಯಾದ ಕಾರಣ ಇಲ್ಲದೆ ಬೇಡ ಅನ್ನಬಾರದು ಅಂತ ಸೇರಿಸಿದೆ. ಇವೆಲ್ಲ ಪ್ರಾಣಿಪ್ರೀತಿಯ ಕಾನೂನುಗಳ ಹಾಗೆ ಕಾಣತ್ತೆ. ನಾನು ಅವನ್ನ ಬಾಡಿಗೆದಾರನ ಕಾನೂನುಗಳು ಅಂತಲೇ ಓದ್ತೀನಿ. ನಾಯಿ ಮೇಲೆ ಕಾರಣ ಕೇಳೋ ಹಕ್ಕು ಬರಬೇಕಾದ್ರೆ, ಮೊದಲು ಬಿಡಿಸೋಕೆ ಕಾರಣ ಕೇಳೋ ಹಕ್ಕು ಇರಬೇಕು.

ಇದಿಲ್ಲದೇ ಇದ್ದಾಗ ಜನ ಎಲ್ಲಿ ಹೋಗ್ತಾರೆ? ಯಾರಿಗೂ ಬೇಡದ ಮನೆಗೆ. ನನಗೆ ನಾಯಿ ಸಮೇತ ತಕ್ಷಣ ಸಿಗ್ತೀನಿ ಅಂದ ಮನೆಗಳು ಎರಡು ಥರ. ಒಂದು, ಮೂರನೇ ಮಹಡಿಯ ಶೀಟ್ ಮನೆ. ಏಪ್ರಿಲ್ ಮಧ್ಯಾಹ್ನ ಒಳಗೆ ಕೂರೋಕಾಗಲ್ಲ, ಟೆರೇಸಿನ ಗೋಡೆ ಮೊಣಕಾಲೆತ್ತರ, ಪಕ್ಕದಲ್ಲೇ ಕರೆಂಟ್ ವೈರು. ಎರಡು, ರಾಜಕಾಲುವೆ ಪಕ್ಕದ ತಗ್ಗಿನ ಮನೆ. 2017ರ ಅಕ್ಟೋಬರ್ ಮಳೆ ನಮ್ಮ ಕಡೆಯವರಿಗೆ ಮರೆಯಲ್ಲ, ಕುರುಬರಹಳ್ಳಿಯಲ್ಲಿ ಕಾಲುವೆ ನೀರು ಜನರನ್ನ ಕೊಚ್ಕೊಂಡು ಹೋಯ್ತು. ಆ ತಗ್ಗಿನ ಮನೆಯ ಓನರ್ ನಮಗೆ ನಾಯಿ ಬಗ್ಗೆ ಒಂದು ಪ್ರಶ್ನೆನೂ ಕೇಳಲಿಲ್ಲ. ಅಮ್ಮ ಗೋಡೆ ಮೇಲೆ ಸೊಂಟದ ಎತ್ತರಕ್ಕಿದ್ದ ನೀರಿನ ಕಲೆ ನೋಡಿ, "ಬಾರೋ ಹೋಗೋಣ" ಅಂದ್ರು. ಹದಿನೇಳನೇ ಮನೆ ಸಿಕ್ತು, ಎರಡನೇ ಫ್ಲೋರು. ಒಂದು ತಿಂಗಳ ಅಡ್ವಾನ್ಸ್ ಹೆಚ್ಚು ಕೊಟ್ವಿ, ಬ್ರೋಕರ್ ಹೇಳಿದ್ದೇ ನಿಜ ಆಯ್ತು.

ಈಗ ಮನೆ ಹುಡುಕ್ತಾ ಇರೋರಿಗೆ ನಾನು ಕಲಿತಿದ್ದು ಹೇಳ್ತೀನಿ. ನಾಯಿಯನ್ನ ಮುಚ್ಚಿಟ್ಟು ಮನೆ ಹಿಡೀಬೇಡಿ, ಒಂದೇ ಮೆಟ್ಟಿಲಿನ ಮನೇಲಿ ಎರಡು ದಿನ ಮುಚ್ಚಿಡೋಕಾಗಲ್ಲ, ಆಮೇಲೆ ಅಡ್ವಾನ್ಸ್ ವಾಪಸ್ ಬರೋದೂ ಕಷ್ಟ. ಲಸಿಕೆ ಕಾರ್ಡಿನ ಜೆರಾಕ್ಸ್ ಜೊತೆಗೆ ಇಟ್ಕೊಂಡು ಹೋಗಿ, ಸಂತಾನಹರಣ ಆಗಿದ್ರೆ ಅದರ ಚೀಟಿಯನ್ನೂ. ಹಿಂದಿನ ಓನರ್ ಫೋನಲ್ಲಿ ಎರಡು ಒಳ್ಳೆ ಮಾತು ಹೇಳಿದ್ರೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಇಲ್ಲ. ಅಗ್ರಿಮೆಂಟ್ ಟೈಪ್ ಮಾಡೋ ಅಂಗಡಿಯಲ್ಲಿ ಅವರದ್ದೇ ಒಂದು ರೆಡಿ ಫಾರ್ಮ್ಯಾಟ್ ಇರತ್ತೆ, ಎಷ್ಟೋ ಫಾರ್ಮ್ಯಾಟ್‌ಗಳಲ್ಲಿ ಸಾಕುಪ್ರಾಣಿ ಇಡಬಾರದು ಅನ್ನೋ ಸಾಲು ಯಾರೂ ಕೇಳದೇನೇ ಬಂದು ಕೂತಿರತ್ತೆ. ಸಹಿ ಮಾಡೋ ಮುಂಚೆ ಅದನ್ನ ಹುಡುಕಿ ತೆಗೆಸಿ. ಅದರ ಜಾಗದಲ್ಲಿ ಬಾಡಿಗೆದಾರರ ಹತ್ತಿರ ಒಂದು ನಾಯಿ ಇದೆ, ಮಾಲೀಕರಿಗೆ ಗೊತ್ತಿದ್ದು ಒಪ್ಪಿದ್ದಾರೆ, ಹಾನಿಯಾದ್ರೆ ಖರ್ಚು ಬಾಡಿಗೆದಾರರದ್ದು ಅಂತ ಬರೆಸಿ. ಬಾಯಿಮಾತು ಹನ್ನೊಂದು ತಿಂಗಳು ಬಾಳಲ್ಲ. ನೋಟಿಸ್ ಅವಧಿ ಎರಡು ತಿಂಗಳು ಅಂತಲೂ ಬರೆಸಿ, ಇಲ್ಲ ಅಂದ್ರೆ 1882ರ ಆ 15 ದಿನ ಬಂದು ಕೂರತ್ತೆ.

ನಮ್ಮ ಹೊಸ ಅಗ್ರಿಮೆಂಟಲ್ಲಿ ಈ ಸಾಲು ಇದೆ. ಅಂಗಡಿಯ ಹುಡುಗ ಟೈಪ್ ಮಾಡ್ತಾ "ನಾಯಿ ಹೆಸರೂ ಹಾಕ್ಲಾ ಅಣ್ಣ?" ಅಂದ. ಹಾಕು ಅಂದೆ.

ಮುಂದಿನ ಎಪಿಸೋಡಲ್ಲಿ ಲೀಸು, ಭೋಗ್ಯದ ಬಗ್ಗೆ ಮಾತಾಡ್ತೀನಿ. ಏಳೆಂಟು ಲಕ್ಷ ಒಟ್ಟಿಗೆ ಕೊಟ್ಟು ಬಾಡಿಗೆ ಇಲ್ಲದೆ ಇರೋ ಆ ಪದ್ಧತಿಯಲ್ಲಿ ದುಡ್ಡು ಸಿಕ್ಕಿಹಾಕ್ಕೊಂಡವರು ನಿಮ್ಮಲ್ಲಿ ಇದ್ರೆ ವಾಯ್ಸ್ ನೋಟ್ ಕಳಿಸಿ, ಹೆಸರು ಹೇಳಲ್ಲ. ಹಾಗೇ ನಿಮ್ಮ ಅಗ್ರಿಮೆಂಟ್ ಬೀರುವಿಂದ ತೆಗೆದು ಒಂದ್ಸಲ ಓದಿ, ಅದರಲ್ಲಿ ನಾಯಿ ಬಗ್ಗೆ ಏನು ಬರೆದಿದೆ ಅಂತ ಬರೆದು ಕಳಿಸಿ.